ನಾಯಿಗೆ ಚೆಲ್ಲಾಟ, ಕೋಳಿಗೆ ಪ್ರಾಣಸಂಕಟ

ಸತ್ತ ಕೋಳಿಯ ಮೈಮೇಲೆ ಹುಡುಕಿದರೂ ಗಾಯ ಸಿಗುವುದಿಲ್ಲ. ಬಾಲದ ಪುಕ್ಕ ಒಂದಿಷ್ಟು ಉದುರಿರುತ್ತದೆ, ಬೆನ್ನಿನ ಗರಿ ಎಂಜಲಿನಿಂದ ಒದ್ದೆಯಾಗಿರುತ್ತದೆ, ಅಷ್ಟೆ. ಪಕ್ಕದಲ್ಲೇ ಎಂಟು ತಿಂಗಳ ನಾಯಿ, ಇನ್ನೊಮ್ಮೆ ಎಬ್ಬಿಸಿ ಕೊಡಿ ಎಂಬಂತೆ ಬಾಲ ಆಡಿಸುತ್ತ ನಿಂತಿರುತ್ತದೆ. ಮನೆಯವರು 'ರಕ್ತದ ರುಚಿ ಹತ್ತಿತು, ಇನ್ನು ಇದು ಒಂದು ಕೋಳಿಯನ್ನೂ ಉಳಿಸುವುದಿಲ್ಲ' ಎಂದು ತೀರ್ಮಾನಿಸುತ್ತಾರೆ. ಅಲ್ಲಿ ರಕ್ತವೇ ಬಂದಿಲ್ಲ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಹಿತ್ತಲಲ್ಲಿ ನಾಯಿಯಿಂದ ಸಾಯುವ ಕೋಳಿಗಳಲ್ಲಿ ಬಹಳಷ್ಟು ಹಸಿವಿಗೋ ಸಿಟ್ಟಿಗೋ ಬಲಿಯಾದವಲ್ಲ. ಅವು ಆಟದಲ್ಲಿ ಸತ್ತವು.

ತೋಳದ ಬೇಟೆಗೆ ಒಂದು ಕ್ರಮವಿದೆ. ಮೊದಲು ಬೇಟೆಯತ್ತ ತಿರುಗುವುದು, ಕಣ್ಣು ನೆಡುವುದು, ಹೊಂಚುವುದು, ಅಟ್ಟುವುದು, ಬಾಯಿ ಹಾಕಿ ಹಿಡಿಯುವುದು, ಕೊಲ್ಲುವ ಕಡಿತ, ಆಮೇಲೆ ಸೀಳಿ ತಿನ್ನುವುದು. ಮನುಷ್ಯ ತನ್ನ ಕೆಲಸಕ್ಕೆ ತಕ್ಕಂತೆ ನಾಯಿತಳಿಗಳನ್ನು ಆರಿಸುತ್ತ ಬಂದಾಗ ಈ ಸರಪಳಿಯ ಕೊಂಡಿಗಳು ಬೇರೆ ಬೇರೆ ತಳಿಗಳಲ್ಲಿ ಬೇರೆ ಬೇರೆ ಬಗೆಯಲ್ಲಿ ಬಲಗೊಂಡವು ಅಥವಾ ಸವೆದವು ಎಂದು ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ವಿವರಿಸಿದರು. ಕುರಿ ಕೂಡಿಸುವ ಬಾರ್ಡರ್ ಕೋಲಿಯಲ್ಲಿ ಕಣ್ಣು ನೆಡುವುದೂ ಹೊಂಚುವುದೂ ಬಲವಾಗಿವೆ, ಕಡಿತ ಕುಗ್ಗಿದೆ. ಲ್ಯಾಬ್ರಡಾರ್ ಹಿಡಿದು ತರುತ್ತದೆ, ಅಗಿಯುವುದಿಲ್ಲ. ಇಲಿ ಹಿಡಿಯಲೆಂದು ಬೆಳೆಸಿದ ಟೆರಿಯರ್ ಹಿಡಿದದ್ದನ್ನು ಕೊಡವಿ ಕುತ್ತಿಗೆ ಮುರಿಯುತ್ತದೆ. ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಅಟ್ಟುವುದಕ್ಕೇ ಹುಟ್ಟಿದ್ದು. ಬಯಲಲ್ಲಿ ಮೊಲದ ಹಿಂದೆ ಓಡುವ ಆ ಕಾಲುಗಳಿಗೆ ಹೇಂಟೆ ಮತ್ತು ಮೊಲದ ನಡುವೆ ದೊಡ್ಡ ವ್ಯತ್ಯಾಸವಿಲ್ಲ. ಊರ ನಾಯಿಯನ್ನು ಯಾರೂ ಹೀಗೆ ತಿದ್ದಿಲ್ಲವಾದ್ದರಿಂದ ಅದರಲ್ಲಿ ಎಲ್ಲ ಕೊಂಡಿಗಳೂ ಸ್ವಲ್ಪ ಸ್ವಲ್ಪ ಇರುತ್ತವೆ. ಆದರೆ ಅದು ಹುಟ್ಟಿನಿಂದ ಕೋಳಿಗಳ ನಡುವೆಯೇ ಬೆಳೆದಿರುತ್ತದೆ ಎಂಬುದು ದೊಡ್ಡ ಅನುಕೂಲ. ಮರಿಗೆ 3ರಿಂದ 12 ವಾರದವರೆಗೆ ಯಾವ ಪ್ರಾಣಿಗಳ ಒಡನಾಟ ಸಿಗುತ್ತದೋ ಅವು 'ನಮ್ಮವು' ಎನಿಸಿಕೊಳ್ಳುತ್ತವೆ. ಕುರಿಹಟ್ಟಿಯಲ್ಲಿ ಹುಟ್ಟಿದ ನಾಯಿ ಕುರಿಮರಿಗಳ ಜೊತೆ ಮಲಗುವುದಕ್ಕೂ, ಅಪಾರ್ಟ್‌ಮೆಂಟಿನಿಂದ ತೋಟದ ಮನೆಗೆ ಬಂದ ಒಂದು ವರ್ಷದ ನಾಯಿ ಮೊದಲ ದಿನವೇ ಕೋಳಿಯ ಹಿಂದೆ ಬೀಳುವುದಕ್ಕೂ ಕಾರಣ ಇಲ್ಲೇ ಇದೆ.

ನಾಯಿಗಳ ಆಟ ಎಂದರೆ ಇದೇ ಬೇಟೆಯ ತುಣುಕುಗಳು, ಕ್ರಮ ತಪ್ಪಿ ಬರುತ್ತವೆ ಅಷ್ಟೆ. ಅಟ್ಟುತ್ತದೆ, ಬಿಡುತ್ತದೆ, ಹೊಂಚುತ್ತದೆ, ಕಚ್ಚುತ್ತದೆ, ತಾನೇ ಕೆಳಗೆ ಬಿದ್ದುಕೊಳ್ಳುತ್ತದೆ. ಕಚ್ಚಿದ್ದು ನಿಜವಾದ ಕಚ್ಚಾಟವಾಗದಂತೆ ನೋಡಿಕೊಳ್ಳಲು ನಾಯಿಗಳಲ್ಲಿ ಒಂದು ಸಂಜ್ಞೆಯಿದೆ: ಮುಂಗಾಲು ನೆಲಕ್ಕೂರಿ, ಹಿಂಭಾಗ ಮೇಲೆತ್ತಿ ನಿಲ್ಲುವುದು. ಪ್ರಾಣಿವರ್ತನೆಯ ಸಂಶೋಧಕ ಮಾರ್ಕ್ ಬೆಕಾಫ್ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಪ್ಪು ತಿಳಿಯುವ ಸಾಧ್ಯತೆ ಹೆಚ್ಚಿರುವ ಕಡಿತಗಳ, ಅಂದರೆ ತಲೆ ಕೊಡವುತ್ತ ಕಚ್ಚುವಂಥವುಗಳ ಹಿಂದೆಮುಂದೆಯೇ ಈ ಸಂಜ್ಞೆ ಹೆಚ್ಚು ಕಾಣಿಸುತ್ತದೆ. 'ಈಗ ಮಾಡಿದ್ದು ಆಟಕ್ಕೆ' ಎನ್ನುವ ಸೂಚನೆ ಅದು. ಎದುರಿನ ನಾಯಿಗೆ ಅರ್ಥವಾಗುತ್ತದೆ. ನೋವಾದರೆ ಅದು ಕುಂಯ್ ಎನ್ನುತ್ತದೆ, ಇದು ಬಿಡುತ್ತದೆ.

ಇದೇ ಸಂಜ್ಞೆಯನ್ನು ನಾಯಿ ಕೋಳಿಯ ಮುಂದೆಯೂ ಮಾಡುತ್ತದೆ. ಕೋಳಿಗೆ ಕಾಣುವುದು ತಗ್ಗಿ ಹೊಂಚುತ್ತಿರುವ ಪ್ರಾಣಿ. ಅದು ಓಡುತ್ತದೆ. ನಾಯಿಯ ಲೆಕ್ಕದಲ್ಲಿ ಓಡಿದ್ದು ಎಂದರೆ ಆಟಕ್ಕೆ ಒಪ್ಪಿಗೆ. ಹಿಡಿದಾಗ ಕೋಳಿ ಕಿರುಚಿದರೂ ಅದು ನಾಯಿಭಾಷೆಯ 'ಸಾಕು' ಅಲ್ಲ. ಒತ್ತಿದರೆ ಕೀಚು ಎನ್ನುವ ಆಟಿಕೆಗಳನ್ನು ನಾಯಿಗಾಗಿಯೇ ಮಾರುತ್ತಾರಲ್ಲ, ಆ ಸದ್ದಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ಎರಡು ನಾಯಿಗಳಿದ್ದರಂತೂ ಒಂದರ ಹುರುಪು ಇನ್ನೊಂದಕ್ಕೆ ಅಂಟಿ, ಒಂಟಿಯಾಗಿ ಸುಮ್ಮನಿರುವ ನಾಯಿಯೂ ಕೈಮೀರುತ್ತದೆ.

ಕೋಳಿಯ ಕಡೆಯಿಂದ ನೋಡೋಣ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ, ಹಾಗಾಗಿ ಹಿಂದಿನ ಸ್ವಲ್ಪ ಭಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ. ಅಪಾಯಕ್ಕೆ ಅದರಲ್ಲಿ ಎರಡು ಬಗೆಯ ಕೂಗಿದೆ. ಮೇಲೆ ಹದ್ದು ಕಂಡರೆ ತೆಳ್ಳಗೆ ಎಳೆದ, ಎಲ್ಲಿಂದ ಬಂತೆಂದು ತಿಳಿಯದ ಕೂಗು. ಕೇಳಿದ ಕೋಳಿಗಳು ಮರೆಗೆ ಓಡಿ ಅಡಗುತ್ತವೆ. ನೆಲದ ಮೇಲೆ ನಾಯಿಯೋ ಮುಂಗುಸಿಯೋ ಕಂಡರೆ ಊರಿಗೆಲ್ಲ ಕೇಳುವ 'ಕೊಕ್ ಕೊಕ್ ಕೊಕ್ ಕೊಕ್ಕೋಕ್'. ಕೇಳಿದವು ಕತ್ತೆತ್ತಿ ನೆಟ್ಟಗೆ ನಿಂತು ಸುತ್ತ ನೋಡುತ್ತವೆ. ಕ್ರಿಸ್ಟೋಫರ್ ಇವಾನ್ಸ್ ಮತ್ತು ಪೀಟರ್ ಮಾರ್ಲರ್ ಎಂಬ ಸಂಶೋಧಕರ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕೂಗುಗಳ ಧ್ವನಿಮುದ್ರಣವನ್ನು ಯಾವ ಶತ್ರುವೂ ಎದುರಿಗಿಲ್ಲದಾಗ ಕೇಳಿಸಿದಾಗಲೂ ಕೋಳಿಗಳು ಆಯಾ ಕೂಗಿಗೆ ತಕ್ಕಂತೆಯೇ ನಡೆದುಕೊಂಡವು. ಸಾಕುವವರಿಗೆ ಇದರಿಂದ ನೇರ ಉಪಯೋಗವಿದೆ: ಮೊಟ್ಟೆ ಇಟ್ಟಮೇಲಿನ ಕೊಕ್ಕಾಟಕ್ಕೂ ನೆಲದ ಶತ್ರುವಿನ ಕೂಗಿಗೂ ಹೋಲಿಕೆ ಇದ್ದರೂ, ಗೂಡಿನ ಹತ್ತಿರದಿಂದ ಒಂದೇ ಕೋಳಿ ಕೂಗಿದರೆ ಮೊಟ್ಟೆ, ಎಲ್ಲವೂ ಒಂದೇ ದಿಕ್ಕಿಗೆ ಕತ್ತು ಚಾಚಿ ಕೂಗಿದರೆ ಹೊರಗೆ ಹೋಗಿ ನೋಡಲೇಬೇಕು.

ಅಂದ ಹಾಗೆ, ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೇ ಆದರೂ, ಅದರ ಹಳದಿ ಕಾಲಿನ ಬಣ್ಣ ನಮ್ಮ ಪಶ್ಚಿಮಘಟ್ಟದಲ್ಲೂ ಇರುವ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಂಶವಾಹಿ ಪರೀಕ್ಷೆಯಿಂದ ತಿಳಿಯಿತು. ಎರಡೂ ಕಡೆಯ ಪೂರ್ವಜರು ಓಡಿ, ಹಾರಿ, ಮರ ಹತ್ತಿ ಬದುಕಿದವರೇ. ನಾಟಿಕೋಳಿಗೆ ಆ ವಿದ್ಯೆ ಇನ್ನೂ ಉಳಿದಿದೆ, ಹಲಸಿನ ಕೊಂಬೆಗೆ ಸಲೀಸಾಗಿ ಹಾರುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ತೂಕದ ಕೋಳಿಗೆ ಅದು ಆಗದು. ನಾಯಿ ಇರುವ ಮನೆಯಲ್ಲಿ ತೂಕದ ಕೋಳಿ ಸಾಕುವವರು ಬೇಲಿಗೆ ಹೆಚ್ಚು ಖರ್ಚು ಮಾಡಬೇಕಾಗುತ್ತದೆ. ನಾಟಿಕೋಳಿಯ ರೆಕ್ಕೆ ಕತ್ತರಿಸುವ ಅಭ್ಯಾಸವನ್ನಂತೂ ನಾಯಿ ಪಳಗುವವರೆಗೆ ಬಿಡುವುದೇ ಒಳ್ಳೆಯದು.

ಗಾಯವಿಲ್ಲದೆ ಸಾಯುವುದು ಹೇಗೆ? ನಮಗಿರುವಂಥ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟ ನಡೆಸುವ ಸ್ನಾಯುವಿನ ಪರದೆ, ಹಕ್ಕಿಗಳಿಗಿಲ್ಲ. ಎದೆಯೆಲುಬು ಕೆಳಗೆ ಮೇಲೆ ಆಡಿದರೆ ಮಾತ್ರ ಗಾಳಿಚೀಲಗಳು ಹಿಗ್ಗಿ ಕುಗ್ಗಿ ಉಸಿರು ನಡೆಯುತ್ತದೆ. ನಾಯಿ ಮೆಲ್ಲಗೆ, ಹಲ್ಲು ಊರದೆ ಎದೆಯನ್ನು ಬಾಯಲ್ಲಿ ಹಿಡಿದು ಓಡಾಡಿದರೂ, ಮುಂಗಾಲಿನಿಂದ ಒತ್ತಿ ಹಿಡಿದರೂ, ಉಸಿರು ಕಟ್ಟಲು ಅಷ್ಟು ಸಾಕು. (ಮಕ್ಕಳು ಕೋಳಿಮರಿಯನ್ನು ಮುದ್ದಿನಿಂದ ಬಿಗಿಯಾಗಿ ಹಿಡಿದಾಗ ಆಗುವುದೂ ಇದೇ.) ಇನ್ನು ಕೆಲವು ಕೋಳಿಗಳು ನಾಯಿಯ ಬಾಯಿಗೂ ಸಿಗುವುದಿಲ್ಲ. ಹೆದರಿ ಎಲ್ಲವೂ ಒಂದೇ ಮೂಲೆಗೆ ನುಗ್ಗಿ, ಅಡಿಯಲ್ಲಿ ಸಿಕ್ಕವು ಉಸಿರುಗಟ್ಟಿ ಸಾಯುತ್ತವೆ.

ಎಲ್ಲ ಸತ್ತಂತೆ ಕಾಣುವ ಕೋಳಿಯೂ ಸತ್ತಿರುವುದಿಲ್ಲ. ಹಿಡಿತಕ್ಕೆ ಸಿಕ್ಕ ಕೋಳಿ ಮರಗಟ್ಟಿ, ಕಣ್ಣು ತೆರೆದೋ ಅರೆಮುಚ್ಚಿಯೋ, ಹಲವು ನಿಮಿಷ ಅಲುಗದೆ ಬಿದ್ದಿರಬಲ್ಲದು. ಜರ್ಮನ್ ವಿದ್ವಾಂಸ ಅಥನೇಸಿಯಸ್ ಕಿರ್ಚರ್ 1646ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಚಲನೆ ನಿಂತರೆ ನಾಯಿಯ ಆಸಕ್ತಿ ಇಳಿಯುತ್ತದೆ, ಕೋಳಿಗೆ ಎದ್ದೋಡಲು ಅವಕಾಶ ಸಿಗುತ್ತದೆ. ಹಾಗಾಗಿ ಕೂಡಲೇ ಹೂಳಲು ಗುಂಡಿ ತೋಡಬೇಡಿ. ಬಾಲದ ಪುಕ್ಕ ಸುಲಭವಾಗಿ ಕಳಚಿಕೊಳ್ಳುವುದೂ ಇಂಥದ್ದೇ ಉಪಾಯ. ಬುಡಸಹಿತ ಕಿತ್ತ ಪುಕ್ಕ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಅರ್ಧಕ್ಕೆ ಮುರಿದದ್ದು ಮುಂದಿನ ಗರಿ ಉದುರುವ ಕಾಲದವರೆಗೆ ಹಾಗೇ ಇರುತ್ತದೆ.

ಮೊಟ್ಟೆಯಲ್ಲೂ ಹೆದರಿಕೆಯ ಗುರುತು ಸಿಗುತ್ತದೆ. ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಬೆದರಿದ ಕೋಳಿ ಮೊಟ್ಟೆಯನ್ನು ಒಳಗೇ ಹಿಡಿದುಕೊಂಡರೆ ಚಿಪ್ಪಿನ ಮೇಲೆ ಸುಣ್ಣದ ಇನ್ನೊಂದು ಪದರ ಕೂರುತ್ತದೆ. ಬಿಳಿ ಪುಡಿ ಬಳಿದಂತಿರುವ, ಒಂದು ಪಕ್ಕ ಚಪ್ಪಟೆಯಾದ ಅಥವಾ ನಡುವೆ ಉಬ್ಬಿದ ಗೆರೆಯಿರುವ ಮೊಟ್ಟೆಗಳು ಪದೇ ಪದೇ ಬಂದರೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ನಾಯಿ ಬೇಲಿಯ ಸುತ್ತ ಓಡುತ್ತಿದೆಯೇ ಎಂದು ಒಮ್ಮೆ ನೋಡಿ.

ನಾಯಿಯನ್ನು ಪಳಗಿಸುವ ಮೊದಲು ಬೇಲಿ. ಕೋಳಿಗೆಂದೇ ಮಾರುವ ತೆಳುತಂತಿಯ ಆರುಮೂಲೆ ಕಣ್ಣಿನ ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ, ಮನಸ್ಸು ಮಾಡಿದ ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ. ನೆಲದಿಂದ ಮೂರು ಅಡಿಯವರೆಗಾದರೂ ಬೆಸುಗೆ ಹಾಕಿದ, ಒಂದು ಇಂಚು ಕಣ್ಣಿನ ಗಟ್ಟಿ ಜಾಲರಿ ಬೇಕು. ಒಟ್ಟು ಎತ್ತರ ಆರು ಅಡಿ. ನಾಯಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಎರಡಡಿ ಹಿಂದೆ ನಿಂತು ಸುರಂಗ ತೋಡುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಆದ್ದರಿಂದ ಜಾಲರಿಯನ್ನು ಆಳಕ್ಕೆ ಹೂಳುವ ಬದಲು ಹೊರಮುಖವಾಗಿ ಎರಡು ಅಡಿ ನೆಲದ ಮೇಲೆ ಹಾಸಿ, ಗೂಟ ಬಡಿದು, ಮೇಲೆ ಮಣ್ಣು ಎಳೆದರೆ ಸಾಕು. ಒಳಗಡೆ ನೆಲದಿಂದ ಎಂಟೊಂಬತ್ತು ಇಂಚು ಎತ್ತರಕ್ಕೆ ಹಲಗೆ ಇಟ್ಟು ಕೋಳಿ ನುಸುಳಬಹುದಾದ, ದೊಡ್ಡ ನಾಯಿಗೆ ಸಾಧ್ಯವಾಗದ ಮರೆಗಳನ್ನು ಎರಡು ಮೂರು ಕಡೆ ಮಾಡಿ. ಒಂದೇ ಮರೆ ಇದ್ದರೆ ಮತ್ತೆ ಮೂಲೆಗೆ ನುಗ್ಗಾಟವೇ. ರಾತ್ರಿ ಗೂಡಿನ ಬಾಗಿಲಿಗೆ ತಿರುಗಿಸುವ ಚಿಲಕದ ಬದಲು ಸ್ಪ್ರಿಂಗ್ ಇರುವ ಕೊಂಡಿ ಸಿಕ್ಕಿಸುವಂಥದ್ದು ಹಾಕಿ, ಮೂತಿಯಿಂದ ಎತ್ತಲಾಗದು.

ಪಳಗಿಸುವುದು ಬೇಲಿಯ ಹೊರಗೆ, ಹಗ್ಗದಲ್ಲಿ. ಕತ್ತಿನ ಪಟ್ಟಿಗೆ ಕಟ್ಟಬೇಡಿ. ಓಡಿ ಹಗ್ಗದ ಕೊನೆ ಮುಟ್ಟಿದಾಗ ಗಂಟಲಿಗೆ ಪೆಟ್ಟಾಗುತ್ತದೆ. ಎದೆಗೆ ಹಾಕುವ ಹಾರ್ನೆಸ್‌ಗೆ 15 ಅಡಿಯ ಹಗ್ಗ ಇರಲಿ. ಮೊದಲು ನಾಯಿಯನ್ನು ಅರ್ಧ ಗಂಟೆ ಓಡಾಡಿಸಿ. ಆಮೇಲೆ ಕೋಳಿಗಳಿಂದ 25–30 ಅಡಿ ದೂರದಲ್ಲಿ ನಿಲ್ಲಿ. ಆ ದೂರದಲ್ಲೂ ಅದು ಹೆಸರು ಕರೆದರೆ ಕಿವಿಗೊಡದಿದ್ದರೆ ಇನ್ನೂ ಹಿಂದೆ ಸರಿಯಿರಿ. ಕೋಳಿಯನ್ನು ನೋಡಿ, ತಾನಾಗಿ ನಿಮ್ಮತ್ತ ತಿರುಗಿದ ಕ್ಷಣಕ್ಕೆ ಕಡಲೆಕಾಳಿನಷ್ಟು ಬೇಯಿಸಿದ ಮಾಂಸದ ತುಣುಕು. ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಸತತ ಮೂರು ದಿನ ನಿರಾಳವಾಗಿದ್ದರೆ ಎರಡು ಮೂರು ಅಡಿ ಹತ್ತಿರ ಬನ್ನಿ. ಬಾಲ ಆಡಿಸುತ್ತಿದೆ ಎಂದು ಮೋಸಹೋಗಬೇಡಿ, ನೋಡಬೇಕಾದ್ದು ಬಾಯಿ. ಬಾಯಿ ಸಡಿಲವಾಗಿ ತೆರೆದು, ನೆಲ ಮೂಸುತ್ತ ಇದ್ದರೆ ಸರಿ. ಬಾಯಿ ಮುಚ್ಚಿ, ಕಿವಿ ಮುಂದಾಗಿ, ಒಂದು ಮುಂಗಾಲು ಅರ್ಧಕ್ಕೆ ಎತ್ತಿ ಕಲ್ಲಿನಂತೆ ನಿಂತರೆ ಆ ದಿನದ ಪಾಠ ಮುಗಿಯಿತು, ತಿರುಗಿ ನಡೆಯಿರಿ.

ಎಷ್ಟು ತಿಂಗಳಾದರೂ ಕೆಲವು ನಾಯಿಗಳು ದಾಟದ ಒಂದು ಪರೀಕ್ಷೆಯಿದೆ: ಧೂಳುಸ್ನಾನ. ನಡೆಯುವ, ಕೆದಕುವ ಕೋಳಿಯನ್ನು ಕಡೆಗಣಿಸಲು ಕಲಿತ ನಾಯಿಯ ಮುಂದೆಯೇ ಕೋಳಿ ಗುಂಡಿಯಲ್ಲಿ ಮಗ್ಗುಲಾಗಿ, ಕಾಲು ಝಾಡಿಸಿ, ರೆಕ್ಕೆ ಬಡಿದು ಹೊರಳುತ್ತದೆ. ಗಾಯಗೊಂಡ ಬೇಟೆ ಒದ್ದಾಡುವ ರೀತಿಯೇ ಅದು. ನಾಯಿಯ ಕಣ್ಣಿಗೆ ಕೆಂಪು ಜುಟ್ಟು ಎದ್ದು ಕಾಣುವುದಿಲ್ಲ, ಅದಕ್ಕೆ ಎದ್ದು ಕಾಣುವುದು ಚಲನೆ. ಧೂಳುಸ್ನಾನದ ಹೊತ್ತಿನಲ್ಲೂ, ಮರಿಗಳು ಓಡಾಡುವಾಗಲೂ ಸುಮ್ಮನಿದ್ದ ನಾಯಿಯನ್ನಷ್ಟೇ ಹಗ್ಗ ಬಿಚ್ಚಿ ನೋಡಬಹುದು, ಅದೂ ನೀವು ಎದುರಿಗಿದ್ದಾಗ. ಮರಿ ಇರುವ ತಾಯಿಕೋಳಿಯ ಹತ್ತಿರ ನಾಯಿಮರಿಯನ್ನು ಪಾಠ ಕಲಿಯಲೆಂದು ಬಿಡುವವರಿದ್ದಾರೆ. ಪಾಠ ಸಿಗುತ್ತದೆ ನಿಜ, ಕೊಕ್ಕು ಕಣ್ಣಿಗೆ ತಗುಲಿದರೆ ಕಣ್ಣೂ ಹೋಗುತ್ತದೆ.

ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿ ಕೊಳೆಯುವವರೆಗೆ ತಿರುಗಾಡಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಮಾಡಿದ ಕೆಲಸಕ್ಕೂ ಅದರ ಫಲಕ್ಕೂ ನಡುವೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಅಂತರ ಬಂದರೆ ನಾಯಿ ಅವೆರಡನ್ನೂ ಜೋಡಿಸಲಾರದು. ಅಟ್ಟಿದ ಸುಖ ಆ ಗಳಿಗೆಯಲ್ಲೇ ಸಿಕ್ಕಾಗಿದೆ, ನಾತ ಬರುವುದು ಮೂರನೇ ದಿನ. ಅದರಿಂದ ನಾಯಿ ಕಲಿಯುವುದು ಏನೂ ಇಲ್ಲ, ರೋಗ ಹರಡುವುದಕ್ಕೆ ಮಾತ್ರ ದಾರಿ.

ನಾಯಿಯ ಬಾಯಿಂದ ಬಿಡಿಸಿದ ಕೋಳಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಬೆಚ್ಚಗೆ ಒಂದೆರಡು ಗಂಟೆ ಬಿಡಿ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಪಕ್ಕದಲ್ಲಿಡಿ, ತಾನೇ ಕುಡಿಯಲಿ. ಸುಧಾರಿಸಿಕೊಂಡ ಮೇಲೆ ಗರಿ ಸರಿಸುತ್ತ ರೆಕ್ಕೆಯಡಿ, ಬೆನ್ನು, ಬಾಲದ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಕೋರೆಹಲ್ಲಿನ ತೂತು ಹೊರಗೆ ಸಾಸಿವೆಯಷ್ಟೇ ಕಂಡರೂ ಒಳಗೆ ಚರ್ಮ ಮಾಂಸದಿಂದ ಬೇರ್ಪಟ್ಟಿರುತ್ತದೆ, ನಾಯಿಯ ಎಂಜಲಿನ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಅಲ್ಲಿ ಬೇಗ ಬೆಳೆಯುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ಧಾರಾಳವಾಗಿ ತೊಳೆಯಿರಿ, ಹಾಲಿಲ್ಲದ ಚಹದ ಬಣ್ಣಕ್ಕೆ ತೆಳು ಮಾಡಿದ ಪೊವಿಡೋನ್ ಅಯೋಡಿನ್ ಹಚ್ಚಿ. ನೊಣ ಕೂರದಂತೆ ಒಳಗೇ ಇಡಿ, ಸೆಕೆಗಾಲದಲ್ಲಿ ಒಂದೇ ದಿನದಲ್ಲಿ ಹುಳು ಬೀಳುತ್ತದೆ. ಚರ್ಮದಡಿ ಗಾಳಿ ತುಂಬಿ ಬಲೂನಿನಂತೆ ಉಬ್ಬಿದರೆ ಗಾಳಿಚೀಲ ಹರಿದಿದೆ ಎಂದರ್ಥ. ಅದನ್ನೂ, ಆಳದ ತೂತುಗಳನ್ನೂ ಪಶುವೈದ್ಯರೇ ನೋಡಬೇಕು.

ಎರಡೂ ಒಟ್ಟಿಗೆ ಬದುಕುವ ಹಿತ್ತಲಲ್ಲಿ ಉಳಿದ ತೊಂದರೆಗಳು ಸಣ್ಣವು. ನಾಯಿ ಕೋಳಿಯ ಹಿಕ್ಕೆ ತಿನ್ನುತ್ತದೆ. ಸಾಲ್ಮೊನೆಲ್ಲಾ ಅಲ್ಲಿಂದ ಅದರ ಬಾಯಿಗೆ, ಅದು ನೆಕ್ಕಿದ ಮಕ್ಕಳ ಕೈಗೆ ದಾಟಬಹುದು. ಕೋಳಿಯ ಜುಟ್ಟಿನ ಸುತ್ತ, ಕಣ್ಣಿನ ಅಂಚಿನಲ್ಲಿ ಕಪ್ಪು ಎಳ್ಳಿನಂತೆ ಕಚ್ಚಿಕೊಂಡು ಕೂರುವ ಒಂದು ಚಿಗಟವಿದೆ, ಅದು ನಾಯಿಯ ಕಿವಿಗೂ ಹತ್ತುತ್ತದೆ, ಹಾಗಾಗಿ ಎರಡಕ್ಕೂ ಒಟ್ಟಿಗೇ ಮದ್ದು ಮಾಡಬೇಕು. ಆದರೆ ಕೋಳಿಗೆ ಹಾಕುವ ಮದ್ದನ್ನೇ ನಾಯಿಗೂ, ನಾಯಿಯದ್ದನ್ನೇ ಕೋಳಿಗೂ ಹಾಕಬಾರದು. ಮೊಟ್ಟೆಕೋಳಿಯ ಫೀಡ್ ಚೀಲವನ್ನು ಮುಚ್ಚಳವಿರುವ ಡ್ರಮ್ಮಿಗೆ ಸುರಿದಿಡಿ. ಅದರಲ್ಲಿ ಕ್ಯಾಲ್ಸಿಯಂ 3.5ರಿಂದ 4 ಶೇಕಡಾ ಇರುತ್ತದೆ. ದೊಡ್ಡ ತಳಿಯ ನಾಯಿಮರಿಯ ಕರುಳಿಗೆ ಆರು ತಿಂಗಳವರೆಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಸಾಲದು, ದಿನವೂ ಕದ್ದು ತಿಂದರೆ ಕಾಲಿನ ಮೂಳೆ ಸೊಟ್ಟಗಾಗುತ್ತದೆ.