ಕಾರು ತಿರುಗಿಸುವಾಗ ಕಟ ಕಟ ಅಂದರೆ ಆಕ್ಸಲ್ ಹೋಗಿದೆಯಾ?

ಪ್ರಶ್ನೆ: ಕೆಲಸಕ್ಕೆ ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಹಳೇ ಸ್ವಿಫ್ಟ್‌ನಲ್ಲಿ ಬರುತ್ತೇನೆ. ಯೂ-ಟರ್ನ್ ಹೊಡೆಯುವಾಗ ಮುಂದಿನ ಚಕ್ರದ ಹತ್ತಿರ ಕಟ ಕಟ ಸದ್ದು. ನೆಟ್ಟಗೆ ಹೋದರೆ ಏನೂ ಇಲ್ಲ. ಆಕ್ಸಲ್ ಹೋಗಿದೆಯಾ?

ಉತ್ತರ: ಆಕ್ಸಲ್‌ನ ಹೊರಗಿನ, ಅಂದರೆ ಚಕ್ರದ ಕಡೆಯ ಜಾಯಿಂಟ್ ಸವೆದಿರುವ ಸಾಧ್ಯತೆಯೇ ಜಾಸ್ತಿ. ಜನ ಇಲ್ಲದ ಬಯಲಿಗೆ ಹೋಗಿ ಸ್ಟೇರಿಂಗ್ ಹೆಚ್ಚುಕಮ್ಮಿ ಪೂರ್ತಿ ತಿರುಗಿಸಿ. ಫಸ್ಟ್ ಗೇರಿನಲ್ಲಿ ಮೆಲ್ಲಗೆ ಸುತ್ತು ಹಾಕುತ್ತಾ ಸ್ವಲ್ಪ ಆಕ್ಸಿಲರೇಟರ್ ಒತ್ತಿ. ಒತ್ತಿದಾಗ ಸದ್ದು ಜೋರಾದರೆ ಅನುಮಾನ ಬೇಡ.

ಆ ಜಾಯಿಂಟ್ ಒಳಗೆ ಸಾಮಾನ್ಯವಾಗಿ 6 ಉಕ್ಕಿನ ಗುಂಡುಗಳು, ಹೆಚ್ಚುಕಮ್ಮಿ ಗೋಲಿಯಷ್ಟು. ಕಾರು ನೆಟ್ಟಗೆ ಓಡುವಾಗ ಅವು ಇದ್ದಲ್ಲೇ ಇರುತ್ತವೆ. ತಿರುಗಿಸಿದಾಗ ಮಾತ್ರ ತಮ್ಮ ತೋಡುಗಳಲ್ಲಿ ಹಿಂದೆ ಮುಂದೆ ಉರುಳಬೇಕು. ಅಲ್ಲಿ ಕುಳಿ ಬಿದ್ದಿದ್ದರೆ ಗುಂಡು ಕುಳಿಗೆ ಇಳಿದು ಏಳುತ್ತದೆ. ನಿಮಗೆ ಕೇಳುವುದು ಅದೇ.

ಆದರೆ ಸದ್ದಿಗೂ ಮೊದಲು ಕಾಣುವ ಗುರುತೊಂದಿದೆ. ಒಂದು ಮಳೆಗಾಲ ನವಲಗುಂದದ ಕಡೆ ಹೋಗಿ ಬಂದು ಕಾರು ತೊಳೆಯುತ್ತಿದ್ದೆ. ಎಡ ಚಕ್ರದ ಒಳಮೈಗೆ ಕಪ್ಪಗೆ ಏನೋ ಸಿಡಿದಿತ್ತು. ಎರೆ ಮಣ್ಣು ಅಂದುಕೊಂಡು ಪೈಪಿನಿಂದ ನೀರು ಬಿಟ್ಟೆ. ಮಣ್ಣು ಹೋಯಿತು, ಕಪ್ಪು ಹೋಗಲಿಲ್ಲ. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಿತು. ಬಗ್ಗಿ ನೋಡಿದೆ: ಜಾಯಿಂಟ್ ಮೇಲಿನ ರಬ್ಬರ್ ಬೂಟ್, ಅಂದರೆ ಗ್ರೀಸ್ ಹಿಡಿದಿಡುವ ಹೊದಿಕೆ, ಮಡಿಕೆಯಲ್ಲಿ ಸೀಳಿತ್ತು. ಗ್ರೀಸ್ ಹೊರಗೆ ಬರುವ ದಾರಿಯಲ್ಲೇ ನೀರು, ಧೂಳು ಒಳಗೆ ಹೋಗುತ್ತವೆ, ಅಲ್ವಾ? ಸದ್ದು ಬರುವ ಮೊದಲೇ ಸಿಕ್ಕಿದ್ದರಿಂದ ಜಾಯಿಂಟ್ ತೊಳೆದು, ಹೊಸ ಬೂಟ್, ಗ್ರೀಸ್, ಕ್ಲಾಂಪ್ ಹಾಕಿದರು. ಅಷ್ಟಕ್ಕೇ ಮುಗಿಯಿತು. ಸದ್ದು ಶುರುವಾದ ಮೇಲೆ ಬೂಟ್ ಹಾಕಿದರೆ ಸುಮ್ನೆ ದುಡ್ಡು ದಂಡ, ಸವೆದ ಉಕ್ಕು ಮತ್ತೆ ಬೆಳೆಯುವುದಿಲ್ಲ.

ಆಕ್ಸಲ್‌ನ ಒಳಗಿನ, ಅಂದರೆ ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಹೋದರೆ ಕಟ ಕಟ ಇರುವುದಿಲ್ಲ. ಬೈಪಾಸ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಾರು ನಡುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ವೀಲ್ ಬ್ಯಾಲೆನ್ಸ್ ತಪ್ಪಿದ್ದರೆ ಕಾಲು ತೆಗೆದರೂ ಆ ವೇಗದಲ್ಲಿ ನಡುಕ ಇದ್ದೇ ಇರುತ್ತದೆ. ಬೇರಿಂಗ್ ಆದರೆ ವೇಗದ ಜೊತೆ ಏರುವ ಗುಂಯ್ ಸದ್ದು. ಗುಂಡಿಗೆ ಬಿದ್ದಾಗಷ್ಟೇ ಧಡ್ ಅಂದರೆ ಸಸ್ಪೆನ್ಷನ್ ನೋಡಿಸಿ.

ಇದೆಲ್ಲ ಮುಂದಿನ ಚಕ್ರ ಎಳೆಯುವ ಕಾರುಗಳ ಮಾತು. ಬೊಲೆರೊ, ಓಮ್ನಿಯಂಥ ಗಾಡಿಗಳ ಕಥೆ ಬೇರೆ.

ನಿಮ್ಮದನ್ನು ಮುಂದೂಡಬೇಡಿ. ಜಾಯಿಂಟ್ ಪೂರ್ತಿ ಕಳಚಿಕೊಂಡರೆ ಎಂಜಿನ್ ಕೂಗುತ್ತದೆ, ಕಾರು ಕದಲುವುದಿಲ್ಲ. ಇಳಿಜಾರಿನಲ್ಲಿ ಗೇರ್ ಹಾಕಿ ನಿಲ್ಲಿಸಿದರೂ ಉರುಳುತ್ತದೆ, ಹ್ಯಾಂಡ್ ಬ್ರೇಕ್ ಒಂದೇ ಆಧಾರ. ಗ್ಯಾರೇಜಿನಲ್ಲಿ ಎರಡೂ ಕಡೆಯ ಬೂಟ್ ನೋಡಿಸಿ, ಯಾವ ಕಡೆಯ ಸದ್ದು ಅನ್ನುವುದರಲ್ಲಿ ಕಿವಿ ಮೋಸ ಹೋಗುತ್ತದೆ. ಆಕ್ಸಲ್ ಶಾಫ್ಟ್ ಬಿಚ್ಚಿದಾಗ ಗೇರ್ ಆಯಿಲ್ ಸೋರುತ್ತದೆ, ಅದನ್ನು ಮತ್ತೆ ತುಂಬಿದರಾ ಅಂತ ಕೇಳಿ. ಆಯಿಲ್ ಸೀಲ್, ಹಬ್ ನಟ್ ಹೊಸದೇ ಇರಲಿ.