ಪದ ಪರಿಚಯ: ಸ್ಯೂಡೋಅನ್ಯೂರಿಸಮ್

ಅಪಧಮನಿಯ ಗೋಡೆ ಒಂದೆಡೆ ಹರಿದು, ಹೊರಬಂದ ರಕ್ತವು ಸುತ್ತಲಿನ ಅಂಗಾಂಶದ ನಡುವೆ ಚೀಲದಂತೆ ತುಂಬಿಕೊಂಡು, ಕಿರಿದಾದ ಕುತ್ತಿಗೆಯೊಂದರ ಮೂಲಕ ನಾಳದೊಡನೆ ಸಂಪರ್ಕ ಉಳಿಸಿಕೊಂಡಿದ್ದರೆ ಅದು ಸ್ಯೂಡೋಅನ್ಯೂರಿಸಮ್, ಅಂದರೆ ರಕ್ತನಾಳದ ಹುಸಿ ಉಬ್ಬು. ನಿಜವಾದ ಅನ್ಯೂರಿಸಮ್‌ನಲ್ಲಿ ನಾಳದ ಮೂರೂ ಪದರಗಳು ಒಟ್ಟಾಗಿ ಹಿಗ್ಗುತ್ತವೆ; ಇಲ್ಲಿ ಆ ಆಸರೆ ಇಲ್ಲದಿರುವುದರಿಂದಲೇ ಒಡೆಯುವ ಭಯ.

ಮಂಗಳೂರಿನಲ್ಲೋ ಮಣಿಪಾಲದಲ್ಲೋ ತೊಡೆಸಂದಿನ ಮೂಲಕ ಆಂಜಿಯೋಗ್ರಾಮ್ ಮಾಡಿಸಿಕೊಂಡು ಕುಂದಾಪುರಕ್ಕೋ ಸುಳ್ಯಕ್ಕೋ ಮರಳಿದವರು, ಸೂಜಿ ಚುಚ್ಚಿದ ಜಾಗದಲ್ಲಿ ನೋಯುವ, ನಾಡಿಯಂತೆ ಮಿಡಿಯುವ ಗಂಟು ಕಂಡರೆ ಅದನ್ನು ಕುರು ಎಂದು ಭಾವಿಸಿ ಎಣ್ಣೆ ತಿಕ್ಕಬಾರದು, ಕೊಯ್ಯಿಸಲೂಬಾರದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ಈ ಸಾಧ್ಯತೆ ಹೆಚ್ಚು. ಮೇದೋಜೀರಕ ಗ್ರಂಥಿಯ ಉರಿಯೂತದ ಬಳಿಕ, ಮೂತ್ರಪಿಂಡದ ಕಲ್ಲಿನ ಶಸ್ತ್ರಚಿಕಿತ್ಸೆಯ ಬಳಿಕ ಹೊಟ್ಟೆಯೊಳಗೂ ಇದು ಉಂಟಾಗಬಹುದು.

ಗುರುತಿಸಲು ಮೊದಲು ಬೇಕಾದುದು ಡಾಪ್ಲರ್ ಸ್ಕ್ಯಾನ್, ಅಂದರೆ ರಕ್ತದ ಹರಿವನ್ನು ಬಣ್ಣಗಳಲ್ಲಿ ತೋರಿಸುವ ಅಲ್ಟ್ರಾಸೌಂಡ್. ಪರದೆಯಲ್ಲಿ ಚೀಲದೊಳಗೆ ಕೆಂಪು, ನೀಲಿ ಬಣ್ಣಗಳು ಸುಳಿಯಾಗಿ ತಿರುಗುತ್ತವೆ. ಹೃದಯ ಸಂಕುಚಿಸಿದಾಗ ಕುತ್ತಿಗೆಯ ಮೂಲಕ ಒಳನುಗ್ಗಿದ ರಕ್ತ, ಅದು ಸಡಿಲಗೊಂಡಾಗ ಅದೇ ದಾರಿಯಲ್ಲಿ ಹಿಂದಿರುಗುವುದು ಸ್ಪಷ್ಟವಾಗಿ ಕಾಣುತ್ತದೆ. ಹೊಟ್ಟೆಯೊಳಗಿನವಕ್ಕೆ ಸಿಟಿ ಆಂಜಿಯೋಗ್ರಫಿ ಬೇಕಾಗುತ್ತದೆ.

ತೊಡೆಸಂದಿನ ಚಿಕ್ಕ ಉಬ್ಬುಗಳು ಹಲವು ಬಾರಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮುಚ್ಚದಿದ್ದರೆ, ಸ್ಕ್ಯಾನ್ ಯಂತ್ರದ ಪ್ರೋಬ್‌ನಿಂದಲೇ ಕುತ್ತಿಗೆಯ ಮೇಲೆ ಬಹಳ ಹೊತ್ತು ಒತ್ತಿಹಿಡಿಯುವುದು ಹಳೆಯ ಕ್ರಮ. ರೋಗಿಗೆ ಅದು ತೀರಾ ನೋವಿನದು. ರಕ್ತ ಹೆಪ್ಪುಗಟ್ಟಿಸುವ ಔಷಧಿಯಾದ ಥ್ರಾಂಬಿನ್ ಚುಚ್ಚುವ ವಿಧಾನ ಇದನ್ನು ಬಹುಮಟ್ಟಿಗೆ ಹಿಂದಿಕ್ಕಿರುವುದು ನಿಜಕ್ಕೂ ಸಮಾಧಾನದ ಸಂಗತಿ. ಸ್ಕ್ಯಾನ್ ನೋಡುತ್ತಲೇ ತೆಳುವಾದ ಸೂಜಿಯನ್ನು ಚೀಲದೊಳಗೆ, ಕುತ್ತಿಗೆಯಿಂದ ದೂರವಿರುವಂತೆ ನಿಲ್ಲಿಸಿ ಔಷಧಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟರೆ, ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ರಕ್ತ ಹೆಪ್ಪುಗಟ್ಟಿ ಬಣ್ಣದ ಸುಳಿ ಆರಿಹೋಗುತ್ತದೆ. ಔಷಧಿ ಅಪಧಮನಿಗೆ ಜಾರಿದರೆ ಕಾಲಿನ ರಕ್ತಸಂಚಾರವೇ ನಿಲ್ಲಬಹುದಾದ್ದರಿಂದ, ಕುತ್ತಿಗೆ ಅಗಲವಾಗಿದ್ದಲ್ಲಿ ಇದು ಸಲ್ಲದು.

ಹೊಟ್ಟೆಯೊಳಗಿನ ಉಬ್ಬುಗಳಿಗೆ ರಕ್ತನಾಳದೊಳಗೆ ತೆಳುವಾದ ಕ್ಯಾಥೆಟರ್ (ಕೊಳವೆ) ತೂರಿಸಿ, ಹರುಕಿನ ಆಚೆಗೂ ಈಚೆಗೂ ನಾಳವನ್ನು ಮುಚ್ಚುವ ಲೋಹದ ಕಾಯಿಲ್‌ಗಳನ್ನು (ಸುರುಳಿಗಳನ್ನು) ಇರಿಸುತ್ತಾರೆ. ಈಚೆ ಬದಿಯಲ್ಲಿ ಮಾತ್ರ ಮುಚ್ಚಿದರೆ ಪಕ್ಕದ ಕವಲುಗಳಿಂದ ರಕ್ತ ಹಿಮ್ಮುಖವಾಗಿ ಬಂದು ಚೀಲವನ್ನು ಮತ್ತೆ ತುಂಬುತ್ತದೆ. ಮುಚ್ಚಲೇಬಾರದಂಥ ಮುಖ್ಯ ನಾಳವಾದರೆ ಹರುಕನ್ನು ಒಳಗಿನಿಂದ ಮುಚ್ಚುವ, ಹೊದಿಕೆಯುಳ್ಳ ಸ್ಟೆಂಟ್ (ಜಾಲರಿಯ ಕೊಳವೆ) ಬಳಸುತ್ತಾರೆ.

ಸೋಂಕು ತಗಲಿದ, ಮೇಲಿನ ಚರ್ಮ ಕೊಳೆಯತೊಡಗಿದ ಅಥವಾ ವೇಗವಾಗಿ ಹಿಗ್ಗುತ್ತಿರುವ ಉಬ್ಬಿಗೆ ಇಂದಿಗೂ ಸಾಮಾನ್ಯವಾಗಿ ತೆರೆದ ಶಸ್ತ್ರಚಿಕಿತ್ಸೆಯೇ ಬೇಕು. ಮನೆಯಲ್ಲಿರುವಾಗ ತೊಡೆಸಂದಿನ ಗಂಟು ಹಠಾತ್ತನೆ ದೊಡ್ಡದಾದರೆ ಅಥವಾ ರಕ್ತ ಸೋರಿದರೆ, ರೋಗಿಯನ್ನು ಮಲಗಿಸಿ, ಆ ಜಾಗವನ್ನು ಅಂಗೈಯಿಂದ ಬಲವಾಗಿ ಒತ್ತಿಹಿಡಿದು, ಕೈ ಸಡಿಲಿಸದೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.