ಕಣ್ಣಿಗೆ ಒಂದೇ ‘ಹೇ’, ಕಂಪ್ಯೂಟರಿಗೆ ಮೂರು

ಗ್ರಂಥಾಲಯವೊಂದರ ಉರ್ದು ಪುಸ್ತಕಗಳ ಪಟ್ಟಿಯಲ್ಲಿ ‘ಅಬ್ದುಲ್ಲಾ’ ಅಂತ ಹುಡುಕಿದರೆ ಕೆಲವು ಪುಸ್ತಕಗಳಷ್ಟೇ ಸಿಗುತ್ತವೆ. ಉಳಿದವೂ ಅದೇ ಪಟ್ಟಿಯಲ್ಲಿವೆ. ಪರದೆಯ ಮೇಲೆ ಕಾಗುಣಿತವೂ ಒಂದೇ. ಇಂಥ ಪಟ್ಟಿಗಳನ್ನು ಸರಿಪಡಿಸುವುದು ನನ್ನ ಕೆಲಸ. ಇಲ್ಲಿ ತೊಡಕು ಇರುವುದು ಹೆಸರಿನ ಕೊನೆಯ ಅಕ್ಷರದಲ್ಲಿ. ಅದರ ಹೆಸರು ‘ಹೇ’.

ಕಂಪ್ಯೂಟರುಗಳು ಎಲ್ಲ ಲಿಪಿಗಳಿಗೂ ಬಳಸುವ ಯೂನಿಕೋಡ್ ಪದ್ಧತಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಅರಬ್ಬಿಯ ‘ಹೇ’ ಅಕ್ಷರಕ್ಕೆ 1607. ಉರ್ದುವಿನ ‘ಗೋಲ್ ಹೇ’ಗೆ 1729. ಅರಬ್ಬಿ ಕೀಬೋರ್ಡಿನಲ್ಲಿ ಟೈಪ್ ಮಾಡಿದ ‘ಅಬ್ದುಲ್ಲಾ’ದ ಕೊನೆಗೆ 1607, ಉರ್ದು ಕೀಬೋರ್ಡಿನಲ್ಲಿ ಮಾಡಿದ್ದರ ಕೊನೆಗೆ 1729 ಬರುತ್ತದೆ, ಹುಡುಕಿದಾಗ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಉರ್ದುವಿನದೇ ‘ದೋ ಚಷ್ಮೀ ಹೇ’, ಅಂದರೆ ಎರಡು ಕಣ್ಣಿನ ಹೇ, 1726. (ಯೂನಿಕೋಡ್ ಕೋಷ್ಟಕದಲ್ಲಿ ಇವು ಹದಿನಾರರ ಲೆಕ್ಕದಲ್ಲಿರುತ್ತವೆ. ಓದಲು ಸುಲಭವಾಗಲಿ ಅಂತ ಹತ್ತರ ಲೆಕ್ಕಕ್ಕೆ ತಂದಿದ್ದೇನೆ.)

ಅರಬ್ಬಿ ಲಿಪಿಯಲ್ಲಿ ಅಕ್ಷರದ ಆಕಾರ ಅದು ಪದದಲ್ಲಿ ಎಲ್ಲಿ ಬರುತ್ತದೆ ಅನ್ನುವುದರ ಮೇಲೆ ಬದಲಾಗುತ್ತದೆ. ಮೊದಲಲ್ಲಿ ಒಂದು, ನಡುವೆ ಒಂದು, ಕೊನೆಗೆ ಒಂದು, ಒಂಟಿಯಾಗಿದ್ದರೆ ಇನ್ನೊಂದು. ಇವಕ್ಕೆಲ್ಲ ಸೇರಿ ಒಂದೇ ಸಂಖ್ಯೆ ಸಾಕು, ಆಕಾರವನ್ನು ಫಾಂಟ್ ನೋಡಿಕೊಳ್ಳಲಿ ಎಂಬುದು ಯೂನಿಕೋಡ್ ನಿಯಮ. ಹಾಗಿದ್ದರೆ ಮೂರು ‘ಹೇ’ ಯಾಕೆ?

ಅರಬ್ಬಿಯಲ್ಲಿ ಎರಡು ಕಣ್ಣಿನ ಆಕಾರ ಅಂದರೆ ಪದದ ಮೊದಲಲ್ಲಿ ಬರುವ ‘ಹೇ’, ಅಷ್ಟೇ. ಆದರೆ ಉರ್ದುವಿಗೆ ನಮ್ಮ ಹಾಗೆ ಖ, ಘ, ಧ, ಭ ಬೇಕು. ಅದಕ್ಕಾಗಿ ಆ ಆಕಾರವನ್ನೇ ಬೇರೆ ಅಕ್ಷರ ಮಾಡಿಕೊಂಡಿತು. ‘ಕ’ದ ಮುಂದೆ ದೋ ಚಷ್ಮೀ ಹೇ ಬಂದರೆ ‘ಖ’. ಬರೀ ‘ಹ’ ಸದ್ದಿಗೆ ಗೋಲ್ ಹೇ. ‘ಕಹಾ’ ಅಂದರೆ ಹೇಳಿದ, ‘ಖಾ’ ಅಂದರೆ ತಿನ್ನು. ಎರಡನ್ನೂ ಮೂರೇ ಅಕ್ಷರದಲ್ಲಿ ಬರೆಯುತ್ತಾರೆ, ನಡುವಿನ ‘ಹೇ’ ಮಾತ್ರ ಬೇರೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ಫಾಂಟಿಗೆ ಬಿಡಲು ಆಗುವುದಿಲ್ಲ ಅಲ್ವಾ? ಕುರ್ದಿಶ್ ಮತ್ತು ಉಯ್ಘುರ್ ಭಾಷೆಗಳಲ್ಲಿ ಹೇ ಥರ ಕಾಣುವ ಒಂದು ಸ್ವರವೇ ಇದೆ. ಅದು ಮುಂದಿನ ಅಕ್ಷರಕ್ಕೆ ಕೂಡಿಕೊಳ್ಳುವುದಿಲ್ಲ. ಅದಕ್ಕೂ ಬೇರೆ ಸಂಖ್ಯೆ, 1749.

ಈ ಕಾಟ ಕನ್ನಡಕ್ಕೂ ಇದೆ. ಅನುಸ್ವಾರದ ‘ಂ’ 3202, ಕನ್ನಡ ಅಂಕಿ ಸೊನ್ನೆ ‘೦’ 3302. ಒಂದರ ಬದಲು ಇನ್ನೊಂದನ್ನು ಒತ್ತಿದರೆ ಓದುವವರಿಗೆ ಗೊತ್ತೇ ಆಗುವುದಿಲ್ಲ. ಹುಡುಕಿದಾಗ ಮಾತ್ರ ಆ ಪದ ಸಿಗುವುದಿಲ್ಲ.

ಯೂನಿಕೋಡ್‌ನಲ್ಲಿ ನಾರ್ಮಲೈಸೇಷನ್ ಅಂತ ಇದೆ, ಅಂದರೆ ಒಂದೇ ಅಕ್ಷರವನ್ನು ಬೇರೆ ಬೇರೆ ಸಂಖ್ಯೆಗಳಲ್ಲಿ ಬರೆದಿದ್ದರೆ ಒಂದೇ ರೂಪಕ್ಕೆ ತರುವ ವಿಧಾನ. ಅದು ‘ಹೇ’ ತೊಡಕನ್ನು ಸರಿಮಾಡುತ್ತದೆ ಅಂತ ಹಲವರು ನಂಬಿದ್ದಾರೆ. ಮಾಡುವುದಿಲ್ಲ. ಗೋಲ್ ಹೇ ಮೇಲೆ ಹಮ್ಜಾ ಎಂಬ ಪುಟ್ಟ ಚಿಹ್ನೆ ಇಟ್ಟಿದ್ದನ್ನು (1729 ಜೊತೆ 1620) ಅದು 1730 ಎಂಬ ಒಂದೇ ಅಕ್ಷರಕ್ಕೆ ಸಮ ಎಂದು ಒಪ್ಪುತ್ತದೆ. ಆದರೆ 1607 ಮತ್ತು 1729 ಅದರ ಲೆಕ್ಕದಲ್ಲಿ ಎಂದೆಂದಿಗೂ ಬೇರೆ ಬೇರೆ.

ಹಾಗಂತ ಸುಮ್ನೆ ಎಲ್ಲ 1607 ಅನ್ನು 1729 ಮಾಡಿಬಿಡುವುದು ಅಪಾಯ. ಉರ್ದು ಪುಸ್ತಕದಲ್ಲಿ ಕುರಾನಿನ ಸಾಲುಗಳು ಬರುತ್ತವೆ, ಅವು ಅರಬ್ಬಿ. ಅಲ್ಲಿ 1607 ಇರಲೇಬೇಕು. ಇನ್ನು ಅರಬ್ಬಿ ಕೀಬೋರ್ಡಿನಲ್ಲಿ ‘ಕ’ದ ಪಕ್ಕ ಟೈಪಾದ ‘ಹೇ’ ನಸ್ಖ್ ಎಂಬ ಅರಬ್ಬಿ ಬರವಣಿಗೆ ಶೈಲಿಯ ಫಾಂಟಿನಲ್ಲಿ ಹೆಚ್ಚುಕಡಿಮೆ ಎರಡು ಕಣ್ಣಿನ ಹಾಗೇ ಕಾಣುತ್ತದೆ. ಬರೆದವರ ಮನಸ್ಸಿನಲ್ಲಿ ‘ಕಹಾ’ ಇತ್ತೋ ‘ಖಾ’ ಇತ್ತೋ ಪ್ರೋಗ್ರಾಮಿಗೆ ಹೇಗೆ ಗೊತ್ತಾಗಬೇಕು? ಉರ್ದು ಬಲ್ಲವರು ವಾಕ್ಯ ಓದಿಯೇ ಹೇಳಬೇಕು.

ಹಾಗಾಗಿ ನಾನು ಮೂಲವನ್ನು ಮುಟ್ಟುವುದಿಲ್ಲ. ಹುಡುಕಾಟಕ್ಕೆ ಅಂತಲೇ ಬೇರೆ ಪ್ರತಿ ಮಾಡಿ, ಅದರಲ್ಲಿ ಮಾತ್ರ 1607 ಮತ್ತು 1729 ಒಂದೇ ಅಂತ ಎಣಿಸುತ್ತೇನೆ. 1726 ಅನ್ನು ಬೆರೆಸುವುದಿಲ್ಲ. ಬೆರೆಸಿದರೆ ‘ಕಹಾ’ ಹುಡುಕಿದವರಿಗೆ ‘ಖಾ’ ಕೂಡ ಬಂದು ಬೀಳುತ್ತದೆ.

ಬೀದರ್, ಕಲಬುರಗಿ, ಬೆಂಗಳೂರಿನಲ್ಲಿ ಉರ್ದು ಹೆಸರುಗಳನ್ನು ಟೈಪ್ ಮಾಡುವವರಿಗೆ ಒಂದು ಕೋರಿಕೆ. ಅರಬ್ಬಿ ಕೀಬೋರ್ಡ್ ಬೇಡ, ಉರ್ದು ಕೀಬೋರ್ಡನ್ನೇ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ಅದು ಪುಕ್ಕಟೆ ಬರುತ್ತದೆ. ಅರಬ್ಬಿ ಕೀಬೋರ್ಡಿನಲ್ಲಿ ಉರ್ದುವಿನ ಟ, ಡ ಸಿಗದೇ ಹೋದಾಗ ತಪ್ಪು ತಕ್ಷಣ ಗೊತ್ತಾಗುತ್ತದೆ. ‘ಅಬ್ದುಲ್ಲಾ’ ಅಂಥ ಹೆಸರಿನ ಎಲ್ಲ ಅಕ್ಷರಗಳೂ ಅಲ್ಲಿ ಸಿಕ್ಕಿಬಿಡುತ್ತವೆ. ಅದಕ್ಕೇ ಹೆಸರುಗಳಲ್ಲೇ ಈ ತಪ್ಪು ಜಾಸ್ತಿ.